ಆಟೋದಲ್ಲಿದೆಯೋ, ಹ್ಯಾಂಡಿನಲ್ಲಿದೆಯೋ?

ಡಿಸೆಂಬರ್ ಕೊನೆಯ ವಾರ. ಮೂಡಿಗೆರೆ ಹತ್ತಿರದ ನಮ್ಮ ಕಣದಲ್ಲಿ ಪಾರ್ಚ್‌ಮೆಂಟ್ ಕಾಫಿ ಹರಡಿ, ಮೋಡ ಕಟ್ಟುತ್ತಿದೆಯಾ ಎಂದು ಪಡುವಣದ ಕಡೆ ನೋಡುತ್ತ ಕೂತಿದ್ದೆ. ಕಳಸದ ಕಡೆಯ ದೂರದ ನಂಟರೊಬ್ಬರು ಮಗನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದರು. ಹುಡುಗ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾದಲ್ಲಿ ಐದನೇ ಸೆಮಿಸ್ಟರ್ ಮುಗಿಸುತ್ತಿದ್ದ. ಆರನೆಯದರಲ್ಲಿ ಇಂಟರ್ನ್‌ಶಿಪ್, ಇಲ್ಲದಿದ್ದರೆ ಪ್ರಾಜೆಕ್ಟ್.

‘ನೀವು ಬೆಂಗ್ಳೂರಲ್ಲಿ ಬಿಎಂಎಸ್‌ನಲ್ಲಿ ಇದ್ರಂತಲ್ಲ ಭಾವ, ಇವ್ನಿಗೂ ಅಲ್ಲೇ ಒಂದು ಜಾಗ ಕೊಡ್ಸಿ’ ಅಂದರು. ನಾನು ಬಸವನಗುಡಿಯ ಬಿಎಂಎಸ್ ಇಂಜಿನಿಯರಿಂಗ್ ಕಾಲೇಜಿನಲ್ಲಿ ಏನೋ ಆಗಿದ್ದೆ ಅಂತ ಅವರ ಎಣಿಕೆ. ಬಿಎಂಎಸ್ ಅಂದರೆ ಬಿಲ್ಡಿಂಗ್ ಮ್ಯಾನೇಜ್‌ಮೆಂಟ್ ಸಿಸ್ಟಮ್, ದೊಡ್ಡ ಕಟ್ಟಡದ ಗಾಳಿ, ನೀರು, ತಂಪು, ದೀಪ, ಜನರೇಟರುಗಳನ್ನೆಲ್ಲ ಒಂದು ಕಡೆಯಿಂದ ನೋಡಿಕೊಳ್ಳುವ ವ್ಯವಸ್ಥೆ, ನಾನು ಇಪ್ಪತ್ತು ವರ್ಷ ಅದರ ಟೆಕ್ನೀಷಿಯನ್ ಆಗಿ ನೆಲಮಾಳಿಗೆಗಳಲ್ಲಿ ಓಡಾಡಿದವನು ಎಂದು ಬಿಡಿಸಿ ಹೇಳಿದೆ. ಅವರ ಮುಖ ಸ್ವಲ್ಪ ಸಣ್ಣದಾಯಿತು. ‘ಎಂತ, ಎಸಿ ರಿಪೇರಿಯಾ?’

ಹುಡುಗ ಒಂದು ಫೈಲು ಮುಂದಿಟ್ಟ. ಪ್ಲಾಸ್ಟಿಕ್ ಹಾಳೆಗಳೊಳಗೆ ಹತ್ತಾರು ಪ್ರಮಾಣಪತ್ರ. ಎರಡು ಗಂಟೆಯ ವೆಬಿನಾರಿಗೆ ಒಂದು, ಒಂದು ದಿನದ ಕಾರ್ಯಾಗಾರಕ್ಕೆ ಒಂದು. ಎಲ್ಲಕ್ಕೂ ಚಿನ್ನದ ಬಣ್ಣದ ಅಂಚು. ‘ಇದಿರಲಿ, ನೀನು ಇಲ್ಲಿತನಕ ಏನು ರಿಪೇರಿ ಮಾಡಿದ್ದೀಯ?’ ಅಂದೆ. ಸುಮ್ಮನಿದ್ದ. ಅಪ್ಪನೇ ಬಾಯಿ ಹಾಕಿದರು: ‘ಇವ್ನೆಂತ ಮಾಡ್ತಾನೆ ಭಾವ. ಮನೇಲಿ ಟರ್ಬೈನ್ ಕೆಟ್ರೆ ಅದನ್ನ ಬಿಚ್ಕೊಂಡು ಕೂರ್ತಾನೆ, ಅಷ್ಟೆ.’

ಅಷ್ಟೆ ಅಂದ ಆ ಮಾತಿನಲ್ಲೇ ಇಂಟರ್ನ್‌ಶಿಪ್ ಇತ್ತು. ಆದರೆ ಅದು ಆ ಫೈಲಿನಲ್ಲಿ ಎಲ್ಲೂ ಇರಲಿಲ್ಲ.

ಕಳಸ, ಸಂಸೆ, ಬಾಳೂರು ಕಡೆಯ ಒಂಟಿಮನೆಗಳನ್ನು ಬಲ್ಲವರಿಗೆ ಟರ್ಬೈನ್ ಹೊಸದಲ್ಲ. ಗುಡ್ಡದ ಹಳ್ಳದಿಂದ ಪೈಪಿನಲ್ಲಿ ನೀರು ಇಳಿಸಿ, ಸಣ್ಣ ಚಕ್ರ ತಿರುಗಿಸಿ, ಒಂದು ಕಿಲೋವಾಟ್ ಆಸುಪಾಸು ಕರೆಂಟು ಮಾಡಿಕೊಳ್ಳುವ ಕಿರು ಯಂತ್ರ. ಇದರಲ್ಲೊಂದು ತೊಡಕಿದೆ. ಹಳ್ಳದ ನೀರಿಗೆ ಮನೆಯಲ್ಲಿ ಎಷ್ಟು ದೀಪ ಉರಿಯುತ್ತಿದೆ ಎಂಬುದು ಗೊತ್ತಿಲ್ಲ, ಅದು ಒಂದೇ ಸಮ ಬೀಳುತ್ತದೆ. ಮನೆಯವರು ದೀಪ ಆರಿಸಿದರೆ ಚಕ್ರದ ಮೇಲಿನ ಹೊರೆ ತಗ್ಗಿ ವೇಗ ಏರುತ್ತದೆ, ವೋಲ್ಟೇಜ್ ಹತ್ತುತ್ತದೆ, ಉಳಿದ ಬಲ್ಬು ಸುಟ್ಟುಹೋಗುತ್ತದೆ. ಹಾಗಾಗದಂತೆ ಗೋಡೆಯ ಮೇಲೊಂದು ಪೆಟ್ಟಿಗೆ ಕಾಯುತ್ತಿರುತ್ತದೆ. ಇಂಜಿನಿಯರುಗಳು ಅದನ್ನು ಎಲೆಕ್ಟ್ರಾನಿಕ್ ಲೋಡ್ ಕಂಟ್ರೋಲರ್ ಅನ್ನುತ್ತಾರೆ, ಮನೆಯವರು ಬರೀ ಕಂಟ್ರೋಲರ್. ಮನೆಗೆ ಬೇಡವಾದಷ್ಟು ಕರೆಂಟನ್ನು ಅದು ಆ ಕ್ಷಣವೇ ಒಂದು ಹೀಟರ್ ಕಾಯಿಲಿಗೆ ತಿರುಗಿಸುತ್ತದೆ. ಆ ಕಾಯಿಲು ಬಚ್ಚಲಿನ ನೀರಿನಲ್ಲಿ ಮುಳುಗಿದ್ದರೆ ಬಿಸಿನೀರು ಪುಕ್ಕಟೆ.

ಈ ಹುಡುಗನ ಮನೆಯಲ್ಲಿ ಎರಡು ವಾರದಲ್ಲಿ ಮೂರು ಬಲ್ಬು ಹೋಗಿದ್ದವಂತೆ. ಸಂಜೆ ಎಲ್ಲ ಸರಿ. ಎಲ್ಲರೂ ಮಲಗಿದ ಮೇಲೆ ಜಗಲಿಯಲ್ಲಿ ಉರಿಯುವ ಒಂದೇ ಒಂದು ಬಲ್ಬು ಹೋಗುತ್ತಿತ್ತು. ಅಪ್ಪ ಬಲ್ಬಿನ ಕಂಪನಿಗೆ ಬೈದರು. ಅಮ್ಮ ಇನ್ನೊಂದು ದೂರು ಹೇಳಿದರು: ಬೆಳಿಗ್ಗೆ ನೀರು ಮೊದಲಿನಷ್ಟು ಕಾಯುತ್ತಿಲ್ಲ. ಹುಡುಗ ಎರಡೂ ದೂರನ್ನು ಜೋಡಿಸಿದ. ಹೀಟರಿನ ಎರಡು ಕಾಯಿಲುಗಳನ್ನೂ ಮೀಟರ್ ಇಟ್ಟು ನೋಡಿದ. ಒಂದು ಓಪನ್ ಆಗಿತ್ತು, ಅಂದರೆ ಒಳಗೆ ತುಂಡಾಗಿತ್ತು. ರಾತ್ರಿ ಉಳಿಯುವ ಕರೆಂಟನ್ನೆಲ್ಲ ಸುರಿಯಲು ಜಾಗ ಸಾಲದೆ ವೋಲ್ಟೇಜ್ ಏರುತ್ತಿತ್ತು. ಕೊಪ್ಪದಿಂದ ಕಾಯಿಲು ತರಿಸಿ ಹಾಕಿದ, ಬಲ್ಬು ಉಳಿಯಿತು, ನೀರೂ ಕಾಯಿತು.

ಇದನ್ನು ಹೇಳಲು ಅವನಿಗೆ ಹತ್ತು ನಿಮಿಷ ಹಿಡಿಯಿತು, ಅದೂ ನಾನು ಎಳೆದೆಳೆದು ಕೇಳಿದ ಮೇಲೆ. ಮೂಡಿಗೆರೆ ಸೀಮೆಯಲ್ಲಿ ಯಂತ್ರ ಬಿಚ್ಚಿ ಕೂರುವುದು ಕಡಿಮೆ ದರ್ಜೆಯ ಕೆಲಸ ಅಂತ ಯಾರೂ ಅಂದುಕೊಳ್ಳಬೇಕಾಗಿಲ್ಲ. ಬರವಣಿಗೆ, ಕ್ಯಾಮೆರಾ, ಗಾಳ, ಸ್ಕೂಟರು, ಕಂಪ್ಯೂಟರುಗಳಿಗೆ ಒಂದೇ ಗಮನ ಕೊಟ್ಟ ಸಾಹಿತಿ ಪೂರ್ಣಚಂದ್ರ ತೇಜಸ್ವಿ ಬದುಕಿದ್ದ ಊರು ಇದು. ಆದರೂ ನಮ್ಮ ಮಕ್ಕಳು ಕೈಯಾರೆ ಮಾಡಿದ್ದನ್ನು ಮುಚ್ಚಿಟ್ಟು, ಕೂತು ಕೇಳಿದ ವೆಬಿನಾರನ್ನು ಮುಂದಿಡುತ್ತಾರೆ.

ಕಟ್ಟಡದ ಕಂಟ್ರೋಲ್ ಅನ್ನುವುದು ಇದೇ ಕೆಲಸದ ದೊಡ್ಡ ರೂಪ. ನಮ್ಮಜ್ಜಿ ಬಚ್ಚಲೊಲೆಯ ಮುಂದೆ ಕೂತು ನೀರಿಗೆ ಬೆರಳದ್ದಿ ನೋಡಿ, ಕೊಳ್ಳಿಯನ್ನು ಅರ್ಧ ಹಿಂದಕ್ಕೆಳೆಯುತ್ತಿದ್ದಳು. ಬೆರಳು ಸೆನ್ಸರ್, ತಲೆ ಕಂಟ್ರೋಲರ್, ಕೊಳ್ಳಿ ಎಳೆಯುವ ಕೈ ಆಕ್ಚುಯೇಟರ್. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ವಾರನ್ ಜಾನ್ಸನ್ ಎಂಬ ಮೇಷ್ಟ್ರಿಗೆ ಸಿಟ್ಟು ತರಿಸಿದ್ದು ಇಂಥದೇ ಒಂದು ಬೆರಳು. ಚಳಿಗಾಲದಲ್ಲಿ ಜವಾನ ಆಗಾಗ ತರಗತಿಯೊಳಗೆ ಬಂದು ಥರ್ಮಾಮೀಟರ್ ನೋಡಿ, ಕೆಳಗೆ ಹೋಗಿ ಒಲೆ ಸರಿಮಾಡಬೇಕಿತ್ತು, ಪ್ರತಿ ಸಲವೂ ಪಾಠ ನಿಲ್ಲುತ್ತಿತ್ತು. ಕೋಣೆಯ ಬಿಸಿ ಹೆಚ್ಚುಕಡಿಮೆಯಾದರೆ ಕೆಳಗೇ ಗಂಟೆ ಬಾರಿಸುವ ವಿದ್ಯುತ್ ಥರ್ಮೋಸ್ಟಾಟಿಗೆ ಅವರು 1883ರಲ್ಲಿ ಪೇಟೆಂಟ್ ಪಡೆದರು. 1885ರಲ್ಲಿ ಮಿಲ್ವಾಕಿಯಲ್ಲಿ ಶುರುವಾದ ಅವರ ಕಂಪನಿಯೇ ಇವತ್ತಿನ ಜಾನ್ಸನ್ ಕಂಟ್ರೋಲ್ಸ್. ಹನಿವೆಲ್ ಕಂಪನಿಯ ಮೂಲವೂ ಅದೇ 1885ಕ್ಕೆ ಹೋಗುತ್ತದೆ. ಎರಡಕ್ಕೂ ಈಗ ಬೆಂಗಳೂರಿನಲ್ಲಿ ಕಚೇರಿಗಳಿವೆ.

ನಾನು ಮೊದಲ ಸಲ ಕಂಟ್ರೋಲ್ ಪ್ಯಾನಲ್ ನೋಡಿದ್ದು ಬೆಂಗಳೂರಿನಲ್ಲಲ್ಲ, ಕುದುರೆಮುಖದಲ್ಲಿ. ಅಲ್ಲಿನ ಗಣಿಯಿಂದ ಕಬ್ಬಿಣದ ಅದಿರಿನ ಪುಡಿಯನ್ನು ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಪೈಪಿನಲ್ಲಿ ಘಟ್ಟದ ಕೆಳಗೆ ಮಂಗಳೂರಿಗೆ ಕಳಿಸುತ್ತಿದ್ದರು. ಹರಿವು ನಿಧಾನವಾದರೆ ಪುಡಿ ತಳಕ್ಕಿಳಿದು ಪೈಪೇ ಕಟ್ಟಿಕೊಳ್ಳುವ ಕೆಲಸವದು, ಅಳತೆ ತಪ್ಪುವಂತಿಲ್ಲ. ಇನ್‌ಸ್ಟ್ರುಮೆಂಟ್ ಸೆಕ್ಷನ್ನಿನಲ್ಲಿದ್ದ ನೆರೆಮನೆಯವರೊಬ್ಬರು ಒಂದು ರಜೆಯಲ್ಲಿ ಕರೆದುಕೊಂಡು ಹೋಗಿ ಮುಳ್ಳು, ದೀಪ, ಗುಂಡಿಗಳ ಗೋಡೆ ತೋರಿಸಿದ್ದರು. ಗಣಿ 2005ರ ಡಿಸೆಂಬರ್ 31ಕ್ಕೆ ನಿಂತಿತು. ನಿಂತದ್ದು ಕಾಡಿಗೆ ಒಳ್ಳೆಯದೇ ಆಯಿತು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅಳೆಯುವುದನ್ನೇ ಕಸುಬು ಮಾಡಿಕೊಂಡಿದ್ದ ಜನ ಈ ಗುಡ್ಡಗಳಲ್ಲಿ ಮತ್ತೆ ಹಾಗೆ ಒಂದೇ ಕಡೆ ಸೇರಲಿಲ್ಲ.

ಈಗ ಆ ಕೆಲಸ ಚೂರುಚೂರಾಗಿ ಹಂಚಿಹೋಗಿದೆ. ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಬೀಜದ ಬಣ್ಣ ನೋಡಿ ಗಾಳಿ ಊದಿ ಕೆಟ್ಟದ್ದನ್ನು ಹಾರಿಸುವ ಕಲರ್ ಸಾರ್ಟರ್ ಇದೆ. ಹಾಲಿನ ಡೇರಿಯಲ್ಲಿ ಹಾಲನ್ನು 4 ಡಿಗ್ರಿಗೆ ಇಳಿಸುವ ಬಲ್ಕ್ ಕೂಲರ್ ಇದೆ. ರೆಸಾರ್ಟುಗಳಲ್ಲಿ ಹೀಟ್ ಪಂಪು, ಕರೆಂಟು ಹೋದ ಕೂಡಲೇ ತಾನೇ ಜನರೇಟರ್ ಎಬ್ಬಿಸುವ ಪ್ಯಾನಲ್. ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಹೊರಗಿನ ಗಾಳಿ ಒಳನುಗ್ಗದಂತೆ ಒಳಗಿನ ಒತ್ತಡವನ್ನು ಒಂದು ಕೂದಲೆಳೆ ಹೆಚ್ಚಿಡುವ ವ್ಯವಸ್ಥೆ. ಫೆಬ್ರವರಿ-ಮಾರ್ಚ್‌ನಲ್ಲಿ ಹೂಮಳೆ ಕೈಕೊಟ್ಟಾಗ ಸ್ಪ್ರಿಂಕ್ಲರ್ ಓಡಿಸಲು ಕೆರೆಯ ಪಂಪಿಗೆ ಹಾಕಿದ ಮೊಬೈಲ್ ಸ್ಟಾರ್ಟರ್ ಕೂಡ ಇದೇ ಜಾತಿಯದು. ಇವನ್ನು ನೋಡದೆ ನೇರ ಬೆಂಗಳೂರಿನ ಗಾಜಿನ ಕಟ್ಟಡದ ಕನಸು ಕಾಣುವುದೇಕೆ? ಹಾಗೆ ನೋಡಿದರೆ ಆ ಗಾಜಿನ ಕಟ್ಟಡಗಳಲ್ಲೂ ನಮ್ಮೂರಿನ ಪಾಲಿದೆ. ಮೈಸೂರು ರಸ್ತೆಯ ಗ್ಲೋಬಲ್ ವಿಲೇಜ್ ಟೆಕ್ ಪಾರ್ಕ್ ಕಟ್ಟಿಸಿದ್ದು ಚಿಕ್ಕಮಗಳೂರಿನ ಸಿದ್ಧಾರ್ಥ ಅವರ ಕಾಫಿ ಡೇ ಸಮೂಹದ ಕಂಪನಿ. ಆಮೇಲೆ ಅದು ಬೇರೆಯವರ ಕೈಗೆ ಹೋಯಿತು.

ಜಾಗ ಹುಡುಕುವ ಮಾತು ಬಂದರೆ ಎಲ್ಲರೂ ಮೊದಲು ಪೋರ್ಟಲ್ ಅನ್ನುತ್ತಾರೆ. ಅದನ್ನು ಬೇಗ ಮುಗಿಸಿಬಿಡುತ್ತೇನೆ. ಇಂಟರ್ನ್‌ಶಿಪ್ ಬೇರೆ, ಅಪ್ರೆಂಟಿಸ್‌ಶಿಪ್ ಬೇರೆ. ಮೊದಲನೆಯದು ಓದಿನ ಭಾಗ, ದುಡ್ಡು ಕೊಟ್ಟರೆ ಕೊಟ್ಟರು. ಎರಡನೆಯದು 1961ರ ಅಪ್ರೆಂಟಿಸ್ ಕಾಯ್ದೆಯ ಕೆಳಗೆ ಬರುವ ಕರಾರು, ಅದರಲ್ಲಿ ಸ್ಟೈಪೆಂಡ್ ಕಡ್ಡಾಯ. 2019ರ ನಿಯಮದಲ್ಲಿ ಐಟಿಐ ಆದವರಿಗೆ ತಿಂಗಳಿಗೆ ಕನಿಷ್ಠ 7,000, ಡಿಪ್ಲೊಮಾದವರಿಗೆ 8,000 ರೂಪಾಯಿ ಎಂದು ಬರೆದಿದ್ದರು. 2016ರ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಲ್ಲಿ ಸ್ಟೈಪೆಂಡಿನ ಕಾಲು ಭಾಗ, 1,500 ರೂಪಾಯಿ ಮೀರದಂತೆ, ಕೇಂದ್ರ ಸರ್ಕಾರ ಭರಿಸುತ್ತದೆ. 2024ರ ಅಕ್ಟೋಬರಿನಲ್ಲಿ ಬಂದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ದೊಡ್ಡ ಕಂಪನಿಗಳಲ್ಲಿ ಒಂದು ವರ್ಷದ ಜಾಗ, ತಿಂಗಳಿಗೆ 5,000 ರೂಪಾಯಿ ಎಂದಿತು. ಆದರೆ ಶುರುವಿನಲ್ಲಿ ವಯಸ್ಸು 21ರಿಂದ 24 ಎಂದು ಇಟ್ಟರು. ಹತ್ತೊಂಬತ್ತಕ್ಕೆ ಐಟಿಐ ಮುಗಿಸಿದವನು ಎರಡು ವರ್ಷ ಏನು ಮಾಡಬೇಕು ಎಂಬುದನ್ನು ಯಾರೂ ಯೋಚಿಸಿದಂತಿಲ್ಲ. ಹೆಸರು ನೋಂದಾಯಿಸಿ, ಬೇಡ ಅನ್ನುವುದಿಲ್ಲ. ಆಮೇಲೆ ಫೋನ್ ಮುಚ್ಚಿಟ್ಟು ಹೊರಗೆ ಹೊರಡಿ.

ಯಾಕೆಂದರೆ ಈ ಕಸುಬಿನಲ್ಲಿ ಕೆಲಸ ಕೊಡುವವರು ಕಣ್ಣಿಗೆ ಬೀಳುವವರಲ್ಲ. ಪ್ಯಾನಲಿನ ಮೇಲೆ ದೊಡ್ಡ ಕಂಪನಿಯ ಹೆಸರಿರುತ್ತದೆ. ಆದರೆ ಆ ಪ್ಯಾನಲಿಗೆ ವೈರ್ ಎಳೆದು, ಸೆನ್ಸರ್ ಕೂರಿಸಿ, ಪ್ರೋಗ್ರಾಮ್ ತುಂಬಿ, ವರ್ಷವಿಡೀ ಬಂದು ನೋಡಿಕೊಳ್ಳುವವರು ಹೆಚ್ಚಾಗಿ ಹತ್ತು ಹದಿನೈದು ಜನರ ಸಣ್ಣ ಸಂಸ್ಥೆಗಳು. ಸಿಸ್ಟಮ್ ಇಂಟಿಗ್ರೇಟರ್ ಅನ್ನುತ್ತಾರೆ. ಅವರಿಗೆ ಕೈ ಸಾಲುವುದಿಲ್ಲ, ಜಾಹೀರಾತು ಕೊಡಲು ಪುರುಸೊತ್ತೂ ಇಲ್ಲ. ಅವರನ್ನು ಹುಡುಕುವುದು ಹೇಗೆ? ಪ್ಯಾನಲಿನ ಬಾಗಿಲು ನೋಡಿ. ಒಳಗೋ ಹೊರಗೋ ಒಂದು ಸ್ಟಿಕ್ಕರ್ ಅಂಟಿಸಿರುತ್ತಾರೆ: ಸರ್ವಿಸಿಗೆ ಕರೆ ಮಾಡಿ, ಕೆಳಗೆ ನಂಬರ್. ಅರ್ಧ ಹರಿದಿರುತ್ತದೆ, ಎಣ್ಣೆ ಕೈ ಒರೆಸಿರುತ್ತದೆ, ಆದರೂ ಓದಬಹುದು. ನಿಮ್ಮ ನಂಟರೊಬ್ಬರು ರೆಸಾರ್ಟಿನಲ್ಲಿ ಎಲೆಕ್ಟ್ರಿಷಿಯನ್ ಆಗಿಲ್ಲವೇ? ಆಸ್ಪತ್ರೆಯ ಜನರೇಟರ್ ರೂಮಿನಲ್ಲಿ ಪರಿಚಯದವರಿಲ್ಲವೇ? ಅವರನ್ನು ಕೇಳಿಕೊಂಡು ಒಳಗೆ ಹೋಗಿ ಸ್ಟಿಕ್ಕರ್ ಓದಿ ಬನ್ನಿ.

ಇನ್ನೊಂದು ಮಾತು. ಮೂಡಿಗೆರೆಯವರಿಗೆ ಬೆಂಗಳೂರಿಗಿಂತ ಮಂಗಳೂರು ಹತ್ತಿರ. ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿಂದು ಚಾರ್ಮಾಡಿ ಇಳಿದರೆ ಆಯಿತು. ಅಲ್ಲಿ ಮೆಡಿಕಲ್ ಕಾಲೇಜುಗಳು, ದೊಡ್ಡ ಆಸ್ಪತ್ರೆಗಳು ಸಾಲಾಗಿವೆ, ಆಸ್ಪತ್ರೆಯಷ್ಟು ಕಲಿಸುವ ಕಟ್ಟಡ ಇನ್ನೊಂದಿಲ್ಲ. ಆದರೂ ನಮ್ಮ ಹುಡುಗರು ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೇ ಹೋಗಿ, ಬಂದ ಸ್ಟೈಪೆಂಡನ್ನು ಪಿಜಿ ಬಾಡಿಗೆಗೆ ಸುರಿಯುತ್ತಾರೆ. ಹಾಗೆಯೇ, ಇಂಟರ್ನ್‌ಶಿಪ್ ಕೊಡುತ್ತೇವೆ, ಮೊದಲು ಇಷ್ಟು ಕಟ್ಟಿ ಎಂದವರ ಹತ್ತಿರ ಎರಡನೇ ಮಾತಾಡಬೇಡಿ. ನಮ್ಮ ಪೈಕಿಯ ಒಂದು ಹುಡುಗಿ ಹಾಗೆ ದುಡ್ಡು ಕಟ್ಟಿ, ಎರಡು ತಿಂಗಳು ಒಂದು ಕೋಣೆಯಲ್ಲಿ ಕೂತು ಸ್ಲೈಡು ನೋಡಿ, ಚಿನ್ನದಂಚಿನ ಪ್ರಮಾಣಪತ್ರ ಹಿಡಿದು ವಾಪಸ್ ಬಂದಳು. ಆ ಎರಡು ತಿಂಗಳಲ್ಲಿ ಒಂದು ಸ್ಕ್ರೂ ತಿರುಗಿಸಿರಲಿಲ್ಲ.

ಕಳಸದ ಹುಡುಗನಿಗೆ ಫೈಲು ಮನೆಯಲ್ಲಿಡು ಅಂದೆ. ಒಂದೇ ಒಂದು ಹಾಳೆ ಬರೆಯಿಸಿದೆ. ಮೇಲೆ ಹೆಸರು, ಓದು, ಫೋನು. ಕೆಳಗೆ ಮೂರು ಸಂಗತಿ. ಟರ್ಬೈನಿನ ಕಾಯಿಲು ಮೊದಲನೆಯದು: ಏನು ಕಂಡಿತು, ಏನು ಅನುಮಾನ ಬಂತು, ಮೀಟರಿನಲ್ಲಿ ಎಷ್ಟು ತೋರಿಸಿತು, ಏನು ಮಾಡಿದೆ. ಎರಡನೆಯದು ಕಾಲೇಜಿನ ಪ್ರಾಜೆಕ್ಟು, ಅದನ್ನು ಎರಡು ಸಾಲಿಗೆ ಇಳಿಸಿದೆವು. ಮೂರನೆಯದಕ್ಕೆ ಏನೂ ಇರಲಿಲ್ಲ. ‘ನಮ್ಮ ಕಣದಲ್ಲೇ ಮಾಡು’ ಅಂದೆ. ಆರ್ಡುಯಿನೋ ಬೋರ್ಡಿಗೆ ಒಂದು ಅಗ್ಗದ ಸೆನ್ಸರ್ ಕಟ್ಟಿ ಐದು ದಿನ ಕಣದ ಬಿಸಿ ಮತ್ತು ತೇವ ಬರೆದಿಟ್ಟ. ನಮ್ಮ ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಬೀಜವನ್ನು ಹಲ್ಲಿನಲ್ಲಿ ಕಚ್ಚಿ ‘ಇನ್ನೊಂದು ಬಿಸಿಲು ಬೇಕು’ ಎಂದದ್ದನ್ನೂ, ತೇವದ ಮೀಟರ್ ತೋರಿಸಿದ ಅಂಕಿಯನ್ನೂ ಪಕ್ಕಪಕ್ಕ ಬರೆದ. ಪಾರ್ಚ್‌ಮೆಂಟ್ ಶೇ 10ರ ಆಸುಪಾಸಿಗೆ ಬರಬೇಕು. ಮೂರು ದಿನ ಹಲ್ಲೂ ಮೀಟರೂ ಒಂದೇ ಮಾತಾಡಿದವು, ನಾಲ್ಕನೇ ದಿನ ಜಗಳವಾಡಿದವು. ಮೀಟರಿನ ಬ್ಯಾಟರಿ ಇಳಿದಿತ್ತು.

ಚಿಕ್ಕಮಗಳೂರಿನ ಒಂದು ರೆಸಾರ್ಟಿನ ಪ್ಯಾನಲಿನಿಂದ ಅವನು ನಂಬರ್ ತಂದ. ಮೊದಲ ಕರೆಗೆ ‘ಜಾಗ ಇಲ್ಲ’ ಅಂದರು. ವಾರ ಬಿಟ್ಟು ಮಾಡಿದ್ದಕ್ಕೆ ‘ಮೇಲ್ ಮಾಡಿ’ ಅಂದರು. ಮೂರನೆಯ ಸಲ ಮಾಲೀಕರೇ ಎತ್ತಿಕೊಂಡರು, ‘ಆ ಟರ್ಬೈನ್ ಹುಡುಗನಾ? ಸೋಮವಾರ ಬಾ’ ಅಂದರು.

ಸಂದರ್ಶನಕ್ಕೆ ಮುಂಚೆ ನಾನು ಅವನನ್ನು ಒಂದು ಸಂಜೆಯೆಲ್ಲ ಹಿಂಡಿದೆ. ಸಾಮಾನ್ಯವಾಗಿ ಕೇಳುವುದು ಕೆಲವೇ ಪ್ರಶ್ನೆ. ಸೆನ್ಸರಿನ ಸಿಗ್ನಲ್ ಸೊನ್ನೆಯಿಂದ ಶುರುವಾಗದೆ 4 ಮಿಲಿಆಂಪ್‌ನಿಂದ 20ರವರೆಗೆ ಯಾಕೆ? ತಂತಿ ತುಂಡಾದರೆ ಸೊನ್ನೆ ಬರುತ್ತದೆ. ಅಳತೆಯ ಕೆಳತುದಿಯೂ ಸೊನ್ನೆಯೇ ಆಗಿದ್ದರೆ ಯಾವುದು ಅಳತೆ, ಯಾವುದು ಕೇಡು ಎಂದು ಗೊತ್ತಾಗುವುದಿಲ್ಲ. ಪಿಟಿ-100 ಅಂದರೇನು? ಸೊನ್ನೆ ಡಿಗ್ರಿಯಲ್ಲಿ 100 ಓಮ್ ಇರುವ ಪ್ಲಾಟಿನಂ ತಂತಿ, 25 ಡಿಗ್ರಿಗೆ ಹತ್ತಿರ ಹತ್ತಿರ 110. ಮಾಡ್‌ಬಸ್, ಬ್ಯಾಕ್‌ನೆಟ್ ಹೆಸರು ಕೇಳಿದ್ದೀಯಾ? ಒಂದು 1979ರದು, ಇನ್ನೊಂದು 1995ರಲ್ಲಿ ಮಾನದಂಡವಾದದ್ದು, ಬೇರೆ ಬೇರೆ ಕಂಪನಿಯ ಪೆಟ್ಟಿಗೆಗಳು ಒಂದಕ್ಕೊಂದು ಮಾತಾಡಿಕೊಳ್ಳುವ ಭಾಷೆಗಳು. ಇವು ಉರು ಹೊಡೆದರೂ ಬರುತ್ತವೆ.

ಉರು ಹೊಡೆದರೆ ಬಾರದ್ದು ಕೊನೆಯ ಪ್ರಶ್ನೆ: ಮೂರನೇ ಮಹಡಿ ತಂಪಾಗುತ್ತಿಲ್ಲ ಅಂತ ದೂರು ಬಂದಿದೆ, ಮೊದಲು ಏನು ನೋಡುತ್ತೀಯ?

ಬಹಳ ಮಂದಿ ಕಂಪ್ಯೂಟರ್ ನೋಡುತ್ತೇನೆ ಅನ್ನುತ್ತಾರೆ. ನಾನೂ ಮೊದಲ ವಾರ ಅದನ್ನೇ ಮಾಡಿದ್ದೆ. ಪರದೆಯ ಮೇಲೆ ತಣ್ಣೀರಿನ ವಾಲ್ವು ಶೇ 100 ತೆರೆದಿದೆ ಎಂದಿತ್ತು. ಲಾಗ್ ಪುಸ್ತಕದಲ್ಲಿ ‘ಸರಿ ಇದೆ’ ಎಂದು ಬರೆದು ಕೂತೆ. ಮಧ್ಯಾಹ್ನದ ಹೊತ್ತಿಗೆ ಆ ಮಹಡಿಯವರೆಲ್ಲ ಫೈಲಿನಲ್ಲಿ ಗಾಳಿ ಬೀಸಿಕೊಳ್ಳುತ್ತಿದ್ದರು. ಹಿರಿಯ ಟೆಕ್ನೀಷಿಯನ್ ಒಬ್ಬರು ಮಾತಾಡದೆ ನನ್ನನ್ನು ಗಾಳಿಯಂತ್ರದ ಕೋಣೆಗೆ ಕರೆದೊಯ್ದು, ವಾಲ್ವಿನಾಚೆಯ ಪೈಪಿನ ಮೇಲೆ ನನ್ನ ಅಂಗೈ ಇಟ್ಟರು. ಬೆಚ್ಚಗಿತ್ತು. 7 ಡಿಗ್ರಿ ನೀರು ಹರಿಯುತ್ತಿದ್ದರೆ ಕೈ ಜುಮ್ಮೆನ್ನಬೇಕಿತ್ತು. ಮೇಲಿನ ಮೋಟಾರು ತಿರುಗಿತ್ತು, ಆದರೆ ಅದನ್ನು ವಾಲ್ವಿಗೆ ಹಿಡಿದಿಡುವ ಕಪ್ಲಿಂಗಿನ ಸ್ಕ್ರೂ ಸಡಿಲವಾಗಿ ವಾಲ್ವು ಮುಚ್ಚಿಕೊಂಡೇ ಇತ್ತು. ಪರದೆ ಸುಳ್ಳು ಹೇಳಿರಲಿಲ್ಲ. ತಾನು ಕೊಟ್ಟ ಆಜ್ಞೆಯನ್ನು ತೋರಿಸುತ್ತಿತ್ತು, ಆದದ್ದನ್ನಲ್ಲ.

ಅದಕ್ಕಿಂತ ಸಾಮಾನ್ಯವಾದ ಕೇಡು ಇನ್ನೊಂದು. ಪ್ರತಿ ಪ್ಯಾನಲಿನ ಮೇಲೂ ಒಂದು ತಿರುಗುಗುಂಡಿ: ಹ್ಯಾಂಡ್, ಆಫ್, ಆಟೋ. ಆಟೋದಲ್ಲಿದ್ದರೆ ಕಂಟ್ರೋಲರ್ ಹೇಳಿದಂತೆ ಯಂತ್ರ ನಡೆಯುತ್ತದೆ. ಹ್ಯಾಂಡಿನಲ್ಲಿದ್ದರೆ ಯಾರ ಮಾತೂ ಕೇಳುವುದಿಲ್ಲ, ಸುಮ್ಮನೆ ಓಡುತ್ತಿರುತ್ತದೆ. ರಾತ್ರಿ ಪಾಳಿಯವನು ಏನೋ ತೊಂದರೆಯಾಗಿ ಹ್ಯಾಂಡಿಗೆ ತಿರುಗಿಸಿರುತ್ತಾನೆ, ಬೆಳಿಗ್ಗೆ ಹೇಳಲು ಮರೆತು ಮನೆಗೆ ಹೋಗಿರುತ್ತಾನೆ. ಕೋಟಿ ಕೋಟಿ ಸುರಿದ ವ್ಯವಸ್ಥೆ ಒಂದು ಗುಂಡಿಯ ಮುಂದೆ ಕೈಕಟ್ಟಿ ನಿಂತಿರುತ್ತದೆ. ವಾರಾಂತ್ಯದಲ್ಲಿ ಯಾರೂ ಇಲ್ಲದ ಕಟ್ಟಡದಲ್ಲಿ ಫ್ಯಾನುಗಳು ಎರಡು ದಿನ ಬೊಬ್ಬಿರಿದದ್ದನ್ನು ನಾನು ಎಷ್ಟು ಸಲ ಕಂಡಿದ್ದೇನೋ. ಆದ್ದರಿಂದ ಹಳಬರು ದೂರು ಬಂದ ಕೂಡಲೇ ಕೇಳುವುದು ಒಂದೇ: ‘ಆಟೋದಲ್ಲಿದೆಯೋ, ಹ್ಯಾಂಡಿನಲ್ಲಿದೆಯೋ?’

ಸ್ಟಿಕ್ಕರಿನ ನಂಬರ್ ಬೆಂಗಳೂರಿನದೇ ಆಗಿತ್ತು, ಹುಡುಗ ರಾಜಾಜಿನಗರದ ಕಡೆಯ ಒಂದು ಮಹಡಿ ಮೇಲಿನ ಕಚೇರಿಗೆ ಹೋಗಿ ಬಂದ. ಏನು ಕೇಳಿದರು ಅಂದರೆ, ‘ಹಲ್ಲಲ್ಲಿ ಕಚ್ಚಿ ನೋಡೋದನ್ನೇ ಅರ್ಧ ಗಂಟೆ ಕೇಳಿದ್ರು ಮಾವ. ಮೀಟರ್ ಸರಿಯಿಲ್ಲ ಅಂತ ಹೆಂಗೆ ಗೊತ್ತಾಯ್ತು, ಹಲ್ಲೇ ಯಾಕೆ ತಪ್ಪಿರಬಾರ್ದು ಅಂದ್ರು’ ಎಂದ. ಫೆಬ್ರವರಿಯಲ್ಲಿ ಸೇರಿಸಿಕೊಂಡರು. ಮೊದಲ ತಿಂಗಳು ಕೆಲಸ ಅಂದರೆ ಏಣಿ ಹಿಡಿಯುವುದು, ತಂತಿಗಳಿಗೆ ನಂಬರಿನ ಉಂಗುರ ತೊಡಿಸುವುದು, ಫಾಲ್ಸ್ ಸೀಲಿಂಗಿನ ಧೂಳು ಕುಡಿಯುವುದು. ಬಿಟ್ಟು ಬರುತ್ತಾನೇನೋ ಎಂದು ಅವನ ಅಪ್ಪನಿಗಿಂತ ನನಗೇ ಹೆಚ್ಚು ಹೆದರಿಕೆಯಿತ್ತು. ಬಿಡಲಿಲ್ಲ. ಎರಡನೇ ತಿಂಗಳು ಅವನ ಕೈಗೆ ಲ್ಯಾಪ್‌ಟಾಪ್ ಕೊಟ್ಟು, ಒಂದೊಂದೇ ಸೆನ್ಸರಿನ ಅಂಕಿಯನ್ನು ಕೈಮೀಟರಿನ ಅಂಕಿಯ ಜೊತೆ ತಾಳೆ ನೋಡಲು ಹಚ್ಚಿದರು.

ಮೇ ತಿಂಗಳ ಒಂದು ಸಂಜೆ ಫೋನ್ ಮಾಡಿದ. ಇಲ್ಲಿ ಗುಡುಗಿ ಕರೆಂಟು ಹೋಗಿತ್ತು. ‘ಅಲ್ಲಿ ಮಳೆ ಬಂತೇನೋ?’ ಅಂದೆ. ಅವನಿದ್ದದ್ದು ಒಂದು ಕಟ್ಟಡದ ಮೂರನೇ ನೆಲಮಾಳಿಗೆಯ ಕಂಟ್ರೋಲ್ ರೂಮಿನಲ್ಲಿ. ಮಳೆಯಿರಲಿ, ಹಗಲೋ ರಾತ್ರಿಯೋ ತಿಳಿಯದ ಜಾಗ. ‘ತಡೀರಿ ಮಾವ’ ಎಂದು ಏನೋ ಒತ್ತಿದ ಸದ್ದು. ‘ಟೆರೇಸಿನ ಸೆನ್ಸರ್‌ನಲ್ಲಿ ತೇವ 94 ತೋರಿಸ್ತಿದೆ. ಬರ್ತಿರ್ಬೇಕು.’ ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಆದ್ರೂ ಒಂದ್ಸಲ ಮೇಲೆ ಹೋಗಿ ನೋಡ್ಕೊಂಡು ಬಂದು ಹೇಳ್ತೀನಿ’ ಎಂದು ಫೋನ್ ಇಟ್ಟ.